84 ಅಂತ ಬರೆದವರು ಯಾರು?

ಭಾಗ 1

ಪ್ರತಿ ವರ್ಷ ಸೆಪ್ಟೆಂಬರ್ ಬಂತು ಅಂದ್ರೆ ಕ್ಲಾಸ್ ಗ್ರೂಪಲ್ಲಿ ಒಂದು ಜಗಳ ಗ್ಯಾರಂಟಿ. ಹೊಸ ಫುಟ್‌ಬಾಲ್ ಗೇಮ್‌ನ ರೇಟಿಂಗ್ ಪಟ್ಟಿ ಹೊರಗೆ ಬಂದಿರುತ್ತೆ. ಅವನಿಗೆ 84 ಅಂತೆ, ಇವನಿಗೆ ಬರೀ 82 ಅಂತೆ, ಇವರಿಗೆಲ್ಲ ತಲೆ ಕೆಟ್ಟಿದೆ ಅಂತೆ. ನೀವೂ ಬೈದಿರ್ತೀರಿ, ನಾನೂ ಬೈದಿದ್ದೀನಿ. ಆದ್ರೆ ನಾವು ಬೈತಿರೋದು ಯಾರನ್ನ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ?

ಆ 84 ಯಾವ ಮೀಟರಿನಲ್ಲೂ ಅಳೆದು ಬಂದದ್ದಲ್ಲ. ಎಲ್ಲೋ ಕೂತು ಮ್ಯಾಚ್ ನೋಡಿದ ಮನುಷ್ಯರು "ಪಾಸಿಂಗ್ ಇಷ್ಟಿರಬಹುದು, ಓಟ ಇಷ್ಟಿರಬಹುದು" ಅಂತ ಅಂದಾಜು ಮಾಡಿ ಹಾಕಿದ ಅಂಕಗಳ ಮೊತ್ತ ಅದು. ನಮ್ಮ ಇಂಟರ್ನಲ್ಸ್ ಮಾರ್ಕ್ಸ್ ಇದ್ದ ಹಾಗೆ ಅಂದ್ಕೊಳ್ಳಿ. ಉತ್ತರ ಪತ್ರಿಕೆ ಇರುತ್ತೆ, ನಿಜ. ಅಂಕ ಹಾಕೋ ಕೈಯೂ ಒಂದಿರುತ್ತೆ.

ಈ ಸರಣಿಯಲ್ಲಿ ಆ ಕೈಗಳ ಇತಿಹಾಸ ಹೇಳ್ತೀನಿ. ಜೊತೆಗೆ ಅಂಕದ ಪಕ್ಕದಲ್ಲಿರೋ ಹೆಸರಿನ ಇತಿಹಾಸ ಕೂಡ. ಯಾಕಂದ್ರೆ ಅಂಕ ಒಬ್ಬರ ಅಭಿಪ್ರಾಯ, ಹೆಸರು ಇನ್ನೊಬ್ಬರ ಆಸ್ತಿ. ಇವೆರಡೂ ಒಂದೇ ಕಾರ್ಡಿನ ಮೇಲೆ ಬಂದು ಕೂತಿದ್ದರ ಹಿಂದೆ ನಲವತ್ತು ವರ್ಷದ ಕಥೆ ಇದೆ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ, ಅರ್ಜೆಂಟಿಲ್ಲ.

ಭಾಗ 2

1982. ಇಂಗ್ಲೆಂಡಿನ ಕೆವಿನ್ ಟಾಮ್ಸ್ ಅನ್ನೋ ಪ್ರೋಗ್ರಾಮರ್ 'ಫುಟ್‌ಬಾಲ್ ಮ್ಯಾನೇಜರ್' ಅಂತ ಒಂದು ಗೇಮ್ ಬರೆದು, ತನ್ನದೇ ಪುಟ್ಟ ಕಂಪನಿ ಅಡಿಕ್ಟಿವ್ ಗೇಮ್ಸ್‌ನಿಂದ ಮಾರಿದ. ಆಗಿನ ಕಂಪ್ಯೂಟರಿನ ಮೆಮೊರಿ ಕಿಲೋಬೈಟ್ ಲೆಕ್ಕದ್ದು. ಈಗ ನೀವು ವಾಟ್ಸಾಪಲ್ಲಿ ಕಳಿಸೋ ಒಂದು ಸ್ಟಿಕ್ಕರ್ ಹಿಡಿಸೋದೂ ಅದರಲ್ಲಿ ಕಷ್ಟ. ಅಷ್ಟು ಜಾಗದಲ್ಲಿ ಒಬ್ಬ ಆಟಗಾರನ ಬಗ್ಗೆ ಎರಡೇ ವಿಷಯ ಹೇಳೋಕೆ ಆಗ್ತಿತ್ತು: ಕೌಶಲ ಎಷ್ಟು, ದಮ್ಮು ಎಷ್ಟು.

ಇದೇ ಹೊತ್ತಿಗೆ, 1985ರ ಸುಮಾರಿಗೆ, ಶ್ರಾಪ್‌ಶೈರ್‌ನಲ್ಲಿ ಪಾಲ್ ಮತ್ತು ಆಲಿವರ್ ಕಾಲಿಯರ್ ಅನ್ನೋ ಅಣ್ಣತಮ್ಮಂದಿರು ತಮ್ಮ ಬೆಡ್‌ರೂಮಲ್ಲೇ ಕೂತು ಇನ್ನೊಂದು ಗೇಮ್ ಬರೀತಾ ಇದ್ರು. ಅದನ್ನ ಹಲವು ಕಂಪನಿಗಳಿಗೆ ಕಳಿಸಿದ್ರು. ಎಲೆಕ್ಟ್ರಾನಿಕ್ ಆರ್ಟ್ಸ್, ಅಂದ್ರೆ ಮುಂದೆ ಫಿಫಾ ಗೇಮ್ ಮಾಡಿದ ಅದೇ ಇಎ, ಬೇಡ ಅಂತು. ಪರದೆ ಮೇಲೆ ಓಡಾಡೋ ಆಟಗಾರರೇ ಇಲ್ಲ, ಬರೀ ಅಕ್ಷರ, ಬರೀ ಟೇಬಲ್. ಕೊನೆಗೆ ಡೋಮಾರ್ಕ್ ಅನ್ನೋ ಕಂಪನಿ ಒಪ್ಪಿ, 1992ರಲ್ಲಿ 'ಚಾಂಪಿಯನ್‌ಶಿಪ್ ಮ್ಯಾನೇಜರ್' ಅಂಗಡಿಗೆ ಬಂತು.

ಆ ಮೊದಲ ಗೇಮಲ್ಲಿ ಕ್ಲಬ್‌ಗಳು ನಿಜ, ಆದ್ರೆ ಆಟಗಾರರ ಹೆಸರು ಕಂಪ್ಯೂಟರೇ ಹೆಣೆದದ್ದು. ಮರುವರ್ಷದ ಆವೃತ್ತಿಯಲ್ಲಿ ನಿಜವಾದ ಹೆಸರುಗಳು ಬಂದವು. ನನ್ನ ಪ್ರಕಾರ ಇಡೀ ಕಥೆ ತಿರುಗೋದು ಇಲ್ಲೇ. ಇಲ್ಲದ ಒಬ್ಬನ ಮುಂದೆ 12 ಅಂತ ಬರೆದ್ರೆ ಅದು ಬರೀ ಲೆಕ್ಕ. ಇರೋ ಒಬ್ಬನ ಮುಂದೆ ಅದೇ 12 ಬರೆದ್ರೆ ಅದು ಅವನ ಬಗ್ಗೆ ಆಡಿದ ಮಾತು. ಅವನು ಅದನ್ನ ಓದಬಹುದು, ಅವನ ಅಮ್ಮನೂ ಓದಬಹುದು.

ಭಾಗ 3 (ಇದು ಉದ್ದ ಇದೆ, ಟೀ ತಗೊಂಡು ಬನ್ನಿ)

ಈಗ ಹೆಸರಿನ ವಿಷಯ. 1993ರ ಡಿಸೆಂಬರಲ್ಲಿ ಇಎ ತನ್ನ ಮೊದಲ ಫಿಫಾ ಗೇಮ್ ಬಿಟ್ಟಾಗ ಅದರಲ್ಲಿ ದೇಶಗಳ ತಂಡಗಳಷ್ಟೇ ಇದ್ದವು, ಆಟಗಾರರ ಹೆಸರೆಲ್ಲ ಕಾಲ್ಪನಿಕ. 'ಫಿಫಾ' ಅನ್ನೋ ಹೆಸರಿಗೆ ದುಡ್ಡು ಕೊಟ್ಟಿದ್ರಲ್ಲ, ಮತ್ತೆ ಆಟಗಾರರು ಯಾಕೆ ಬರಲಿಲ್ಲ? ಯಾಕಂದ್ರೆ ಫಿಫಾ ಹತ್ರ ಆಟಗಾರರ ಹೆಸರು ಇಲ್ಲ! ಕ್ಲಬ್ಬಿನ ಲಾಂಛನ ಕ್ಲಬ್ಬಿನದು, ಲೀಗಿನ ಹೆಸರು ಲೀಗಿನದು, ಆಟಗಾರನ ಹೆಸರು ಮತ್ತು ಮುಖ ಆಟಗಾರನದು. ಸೈಟ್ ಒಬ್ಬರದು, ಮನೆ ಇನ್ನೊಬ್ಬರದು, ಬಾಡಿಗೆ ವಸೂಲಿ ಮಾಡೋರು ಮೂರನೆಯವರು ಅನ್ನೋ ಥರ. ಆಟಗಾರರ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಫ್‌ಪ್ರೊ ಜೊತೆ ಒಪ್ಪಂದ ಆದ ಮೇಲೆ, ಫಿಫಾ 96ರಲ್ಲಿ ನಿಜವಾದ ಹೆಸರುಗಳು ಬಂದವು.

ಆ ಕಡೆ ಜಪಾನಿನ ಕೊನಾಮಿ ಕಂಪನಿಯ ಗೇಮ್‌ಗಳಲ್ಲಿ ಈ ಹಕ್ಕುಗಳ ಕೊರತೆಯೇ ಒಂದು ಸಾಹಿತ್ಯ ಸೃಷ್ಟಿ ಮಾಡಿಬಿಡ್ತು. ಬ್ರೆಜಿಲ್ ತಂಡದಲ್ಲಿ ಅಲ್ಲೆಜೊ ಅಂತ ಒಬ್ಬ. ಹುಟ್ಟೇ ಇಲ್ಲದ ಮನುಷ್ಯ, ಆದ್ರೆ ತೊಂಬತ್ತರ ದಶಕದಲ್ಲಿ ಆಡಿದವರಿಗೆ ಅವನು ದೇವರು. ರಾಬರ್ಟೊ ಕಾರ್ಲೋಸ್ ಅಕ್ಷರ ಅದಲುಬದಲಾಗಿ 'ಲಾರ್ಕೋಸ್' ಆದ. ಮುಂದೆ ಬಂದ ಪೆಸ್ ಸರಣಿಯ ಒಂದು ಆವೃತ್ತಿಯಲ್ಲಿ ನೆದರ್ಲೆಂಡ್ಸ್ ಆಟಗಾರರ ಹೆಸರು ಏನಿತ್ತು ಗೊತ್ತಾ? ಆರೆಂಜಸ್ 001, ಆರೆಂಜಸ್ 002, ಹೀಗೇ ಸಾಲಾಗಿ. ರೋಲ್ ನಂಬರ್ ಗುರು! ಆರ್ಸೆನಲ್ ಅಂದ್ರೆ 'ನಾರ್ತ್ ಲಂಡನ್', ಲಿವರ್‌ಪೂಲ್ ಅಂದ್ರೆ 'ಮರ್ಸಿಸೈಡ್ ರೆಡ್'. ನಮ್ಮ ಅಣ್ಣಂದಿರ ಕಾಲದವರು ಪೆನ್‌ಡ್ರೈವಲ್ಲಿ ಪ್ಯಾಚ್ ಹಾಕಿಸ್ಕೊಂಡು ಬರ್ತಿದ್ದದ್ದು ಇದಕ್ಕೇ.

ಒಂದು ತಮಾಷೆ ಗಮನಿಸಿ. ಹೆಸರು ಸುಳ್ಳಾದ್ರೂ ಅಂಕ ನಿಜವಾಗಿ ಇಟ್ರೆ ಆಟಗಾರ ಯಾರು ಅಂತ ನಮಗೆ ಗೊತ್ತಾಗಿಬಿಡುತ್ತೆ. ಎಡಗಾಲು, ಭಯಂಕರ ಶಾಟ್ ಪವರ್, ಬ್ಯಾಕ್ ಜಾಗ, ಬೋಳು ತಲೆ ಅಂದ್ರೆ ಇನ್ಯಾರು? ಅಂಕ ಅನ್ನೋದು ಮುಖದಷ್ಟೇ ಗುರುತು ಹೇಳುತ್ತೆ.

ಹೆಸರಿಗಾಗಿ ಕೋರ್ಟಿಗೆ ಹೋದವರೂ ಇದ್ದಾರೆ. 2002ರ ವಿಶ್ವಕಪ್ಪಿನ ಅತ್ಯುತ್ತಮ ಆಟಗಾರ, ಜರ್ಮನಿಯ ಗೋಲ್‌ಕೀಪರ್ ಆಲಿವರ್ ಕಾನ್, ಆ ವಿಶ್ವಕಪ್ ಗೇಮಲ್ಲಿ ತನ್ನನ್ನ ಬಳಸಿದ್ದಕ್ಕೆ ಇಎ ಮೇಲೆ ಕೇಸ್ ಹಾಕಿದ. 2003ರಲ್ಲಿ ಹ್ಯಾಂಬರ್ಗಿನ ಕೋರ್ಟ್ ಕಾನ್ ಪರವಾಗಿ ತೀರ್ಪು ಕೊಡ್ತು. 2020ರ ನವೆಂಬರಲ್ಲಿ ಇಬ್ರಾಹಿಮೊವಿಚ್ ಟ್ವಿಟರಲ್ಲಿ ಅದೇ ಪ್ರಶ್ನೆ ಎತ್ತಿದ: ನನ್ನ ಹೆಸರು, ನನ್ನ ಮುಖ ಬಳಸೋಕೆ ಅನುಮತಿ ಕೊಟ್ಟವರು ಯಾರು? ಗರೆತ್ ಬೇಲ್ ಕೂಡ ದನಿ ಸೇರಿಸಿದ. ಬ್ರೆಜಿಲಲ್ಲಿ ಈ ಹಕ್ಕನ್ನ ಒಬ್ಬೊಬ್ಬ ಆಟಗಾರನ ಜೊತೆ ಬೇರೆ ಬೇರೆಯಾಗಿ ಮಾತಾಡಿ ಪಡೀಬೇಕು. ಅದಕ್ಕೇ ಫಿಫಾ 15ರಲ್ಲಿ ಬ್ರೆಜಿಲ್ ಲೀಗಿನ ಕ್ಲಬ್‌ಗಳೇ ಇರಲಿಲ್ಲ. ಫುಟ್‌ಬಾಲಿನ ತವರು ಅಂತ ಕರೆಸಿಕೊಳ್ಳೋ ದೇಶದ ಕ್ಲಬ್‌ಗಳು, ಫುಟ್‌ಬಾಲ್ ಗೇಮಲ್ಲೇ ಗೈರುಹಾಜರು.

ನನಗೆ ಜಾಸ್ತಿ ಕಾಡೋದು 2015ರ ಘಟನೆ. ಫಿಫಾ 16ರಲ್ಲಿ ಮೊದಲ ಸಲ ಮಹಿಳೆಯರ ತಂಡಗಳು ಬಂದವು, 12 ದೇಶಗಳದು. ಗೇಮ್ ಬಿಡುಗಡೆಗೆ ಸ್ವಲ್ಪ ಮುಂಚೆ 13 ಆಟಗಾರ್ತಿಯರನ್ನ ತೆಗೆದುಹಾಕಿದ್ರು. ಕಾರಣ ಅವರ ಆಟ ಅಲ್ಲ. ಅವರು ಅಮೆರಿಕದಲ್ಲಿ ಓದ್ತಿದ್ದ ಕಾಲೇಜು ಆಟಗಾರ್ತಿಯರು, ವಯಸ್ಸಲ್ಲಿ ಹೆಚ್ಚುಕಮ್ಮಿ ನಮ್ಮ ಹಾಗೇ. ವಾಣಿಜ್ಯ ಗೇಮಲ್ಲಿ ಹೆಸರು ಬಂದ್ರೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆಯ ಅಮೆಚೂರ್ ನಿಯಮ ಮುರಿದಂತಾಗಿ ಕಾಲೇಜು ತಂಡದಲ್ಲಿ ಆಡೋ ಅರ್ಹತೆಗೇ ಕುತ್ತು ಬರಬಹುದು ಅಂತ. ದೇಶದ ಪರ ಆಡೋವಷ್ಟು ಒಳ್ಳೆ ಆಟಗಾರ್ತಿಯರು, ಗೇಮಲ್ಲಿ ಕಾಣಿಸ್ಕೊಳ್ಳೋ ಹಾಗಿಲ್ಲ. ಅಭಿಪ್ರಾಯದ ಅಂಕ ರೆಡಿ ಇತ್ತು, ಆಸ್ತಿಯ ಲೆಕ್ಕ ಸರಿಹೋಗಲಿಲ್ಲ.

ಭಾಗ 4

ಮತ್ತೆ ಅಂಕದ ಕಡೆ ಬರೋಣ. ಕಾಲಿಯರ್ ಅಣ್ಣತಮ್ಮಂದಿರು 1994ರಲ್ಲಿ ಸ್ಪೋರ್ಟ್ಸ್ ಇಂಟರಾಕ್ಟಿವ್ ಅನ್ನೋ ಕಂಪನಿ ಕಟ್ಟಿದ್ರು. ಅವರ ಗೇಮಲ್ಲಿ ಪ್ರತಿ ಗುಣಕ್ಕೂ 1ರಿಂದ 20ರವರೆಗೆ ಅಂಕ. ಪಾಸಿಂಗ್, ಹೆಡಿಂಗ್ ಮಾತ್ರ ಅಲ್ಲ, ಛಲ ಎಷ್ಟಿದೆ ಅನ್ನೋದಕ್ಕೂ ಅಂಕ. ಇನ್ನು ಕೆಲವು ನಮಗೆ ಕಾಣದ ಹಾಗೆ ಒಳಗೇ ಇರುತ್ತೆ: ಪ್ರತಿ ವಾರ ಒಂದೇ ಥರ ಆಡ್ತಾನಾ, ದೊಡ್ಡ ಮ್ಯಾಚಲ್ಲಿ ಕೈಕಾಲು ನಡುಗುತ್ತಾ, ಬೇಗ ಗಾಯ ಆಗುತ್ತಾ.

ಇದೆಲ್ಲದರ ಮೇಲೆ ಎರಡು ದೊಡ್ಡ ಸಂಖ್ಯೆ, ಎರಡೂ 200ಕ್ಕೆ. ಒಂದು ಈಗಿನ ಸಾಮರ್ಥ್ಯ, ಇನ್ನೊಂದು ಮುಂದೆ ಎಲ್ಲಿವರೆಗೆ ಬೆಳೆಯಬಹುದು ಅನ್ನೋದು. ಈಗಿನ ಸಾಮರ್ಥ್ಯವನ್ನ ಬಜೆಟ್ ಅಂತ ಓದಿಕೊಳ್ಳಿ. 140 ಕೊಟ್ಟಿದ್ದಾರೆ ಅಂದ್ರೆ ಆ 140ರೊಳಗೇ ವೇಗ, ಪಾಸ್, ಶಾಟ್ ಎಲ್ಲ ಕೊಂಡುಕೊಳ್ಳಬೇಕು. ಯಾವ ಗುಣಕ್ಕೆ ಎಷ್ಟು ಬೆಲೆ ಅನ್ನೋದು ಅವನು ಆಡೋ ಜಾಗದ ಮೇಲೆ. ವೇಗಕ್ಕೆ ಸುರಿದ್ರೆ ಇನ್ನೆಲ್ಲೋ ಕಡಿತ ಮಾಡಲೇಬೇಕು. ನಮ್ಮ ಹಾಸ್ಟೆಲ್ ತಿಂಗಳ ಖರ್ಚಿನ ಹಾಗೇ.

ಈ ಅಂಕ ತುಂಬೋರು ಯಾರು? ಪ್ರಪಂಚದಾದ್ಯಂತ ಹರಡಿರೋ ಸಾವಿರಕ್ಕೂ ಹೆಚ್ಚು ಸಂಶೋಧಕರು. ಹೆಸರು ದೊಡ್ಡದು, ಆದ್ರೆ ಹೆಚ್ಚಿನವರು ಆಯಾ ಕ್ಲಬ್ಬಿನ ಅಭಿಮಾನಿಗಳೇ. ಪ್ರತಿ ಮ್ಯಾಚಿಗೂ ಹೋಗೋರು, ರಿಸರ್ವ್ ತಂಡದ ಆಟವನ್ನೂ ನಿಂತು ನೋಡೋರು. ಅವರ ಮೇಲೆ ದೇಶಕ್ಕೊಬ್ಬ ಮುಖ್ಯಸ್ಥ ಕೂತು ಅಂಕ ತೂಗಿ ನೋಡ್ತಾನೆ, ಸ್ವಂತ ಕ್ಲಬ್ಬಿನ ಹುಡುಗರಿಗೆ ಧಾರಾಳ ಮಾಡಿದ್ದರೆ ಕತ್ತರಿ ಹಾಕ್ತಾನೆ. ಇಎ ಕೂಡ ತನ್ನ ಸಂಪಾದಕರ ಜೊತೆಗೆ ಇಂಥದ್ದೇ ಸಾವಿರಾರು ಜನರ ಜಾಲ ಇಟ್ಟುಕೊಂಡಿದೆ.

ನನಗೆ ಬಹಳ ಇಷ್ಟವಾದ ವಿಷಯ ಒಂದಿದೆ. ಹದಿನಾರು ವರ್ಷದ ಹುಡುಗ ಮುಂದೆ ಏನಾಗ್ತಾನೆ ಅಂತ ಸಂಶೋಧಕನಿಗೆ ಗೊತ್ತಿಲ್ಲ ಅಂದ್ರೆ ಅವನು ಖಚಿತ ಸಂಖ್ಯೆ ಬರೆಯದೆ ಮೈನಸ್ 10, ಮೈನಸ್ 9 ಅಂತ ಬರೀಬಹುದು. ಮೈನಸ್ 10 ಅಂದ್ರೆ 170ರಿಂದ 200ರ ನಡುವೆ ಎಲ್ಲಾದರೂ. ನೀವು ಹೊಸದಾಗಿ ಆಟ ಶುರು ಮಾಡಿದಾಗೆಲ್ಲ ಕಂಪ್ಯೂಟರ್ ಅದರೊಳಗೆ ಒಂದನ್ನ ಆರಿಸುತ್ತೆ. ನಿಮ್ಮ ಲ್ಯಾಪ್‌ಟಾಪಲ್ಲಿ ವಿಶ್ವವಿಖ್ಯಾತನಾದ ಹುಡುಗ ನಿಮ್ಮ ರೂಮ್‌ಮೇಟ್ ಲ್ಯಾಪ್‌ಟಾಪಲ್ಲಿ ಅಷ್ಟೆತ್ತರಕ್ಕೆ ಹೋಗದೆ ನಿಲ್ಲಬಹುದು. ಭವಿಷ್ಯ ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋ ಅಂಕ. ಇಂಥದ್ದು ನಮ್ಮ ಮಾರ್ಕ್ಸ್ ಕಾರ್ಡಲ್ಲೂ ಇರಬೇಕಿತ್ತು.

ಇದಕ್ಕೆ ಹೋಲಿಸಿದ್ರೆ ಫಿಫಾದ ಓವರಾಲ್ ಸ್ವಲ್ಪ ಜಾಣ ಮೋಸ. ಅದು ಎಲ್ಲ ಗುಣಗಳ ಸರಾಸರಿ ಅಲ್ಲ. ಆಡೋ ಜಾಗಕ್ಕೆ ತಕ್ಕಂತೆ ಕೆಲವು ಗುಣಕ್ಕೆ ಹೆಚ್ಚು ತೂಕ, ಕೆಲವಕ್ಕೆ ಸೊನ್ನೆ. ಸ್ಟ್ರೈಕರಿಗೆ ಟ್ಯಾಕಲ್ ಬರದಿದ್ರೆ ಏನೂ ಕಳೆಯಲ್ಲ. ಹಾಗಾಗಿ 84ರ ಇಬ್ಬರು ಸ್ಟ್ರೈಕರ್‌ಗಳಲ್ಲಿ ಒಬ್ಬ ಬಾಣದ ಹಾಗೆ ಓಡ್ತಾನೆ, ಇನ್ನೊಬ್ಬ ಬಾಕ್ಸಲ್ಲಿ ಕಂಬದ ಹಾಗೆ ನಿಂತು ಗೋಲ್ ಹೊಡೀತಾನೆ. ಒಟ್ಟು ನೋಡಿ ಟೀಮ್ ಕಟ್ಟಬೇಡಿ, ಒಳಗಿನ ಕಾಲಂ ತೆರೆದು ನೋಡಿ. ಲಾಭದ ಅಂಕಿ ಒಂದೇ ನೋಡಿ ಷೇರು ತಗೊಂಡವರ ಕಥೆ ನಮ್ಮ ಕ್ಲಾಸಲ್ಲಿ ಕೇಳಿದ್ದೀವಲ್ಲ! ಯಾವ ಕಾಲಂ ಇರಬೇಕು ಅನ್ನೋದೂ ಯಾರದೋ ತೀರ್ಮಾನವೇ. ಕಾರ್ಡಿನ ಮೇಲಿನ ಆರು ಅಂಕಗಳಲ್ಲಿ ಮೊದಲು ಹೆಡಿಂಗ್ ಇತ್ತು, ಫಿಫಾ 15ರಲ್ಲಿ ಅದನ್ನ ತೆಗೆದು ಫಿಸಿಕಲ್ ಅಂತ ಹಾಕಿದ್ರು. ತಲೆಯಲ್ಲೇ ಬದುಕು ಕಟ್ಟಿಕೊಂಡಿದ್ದ ಡಿಫೆಂಡರುಗಳ ಕಾರ್ಡಿಂದ ಅವರ ಹೆಮ್ಮೆಯ ಅಂಕವೇ ಮಾಯ.

ಭಾಗ 5

ಈಗ ಹುಡುಗರ ಕಥೆ.

2000ದ ಆಸುಪಾಸಿನ ಚಾಂಪಿಯನ್‌ಶಿಪ್ ಮ್ಯಾನೇಜರ್ ಆಡಿದ ಯಾರನ್ನ ಬೇಕಾದ್ರೂ ಕೇಳಿ, ಟೊಂಟನ್ ಜೋಲಾ ಮುಕೊಕೊ ಅನ್ನೋ ಹೆಸರು ಹೇಳ್ತಾರೆ. ಕಾಂಗೋದ ಕಿನ್ಶಾಸಾದಲ್ಲಿ ಹುಟ್ಟಿ, ಸ್ವೀಡನ್ನಲ್ಲಿ ಬೆಳೆದು, ಇಂಗ್ಲೆಂಡಿನ ಡರ್ಬಿ ಕೌಂಟಿ ಕ್ಲಬ್ಬಿನ ಯುವ ತಂಡ ಸೇರಿದ್ದ ಹುಡುಗ. ಗೇಮಲ್ಲಿ ಕಡಿಮೆ ಬೆಲೆಗೆ ಸಿಗ್ತಿದ್ದ, ಎರಡು ಮೂರು ಸೀಸನ್ನಲ್ಲಿ ಪ್ರಪಂಚದ ಅತ್ಯುತ್ತಮ ಮಿಡ್‌ಫೀಲ್ಡರ್ ಆಗ್ತಿದ್ದ. ನಿಜ ಜೀವನದಲ್ಲಿ ಡರ್ಬಿಯ ಮೊದಲ ತಂಡಕ್ಕೆ ಅವನು ಒಂದು ಮ್ಯಾಚೂ ಆಡಲಿಲ್ಲ.

ಚೆರ್ನೊ ಸಾಂಬಾ ಇನ್ನೊಬ್ಬ. ಗ್ಯಾಂಬಿಯಾದಲ್ಲಿ ಹುಟ್ಟಿದವನು, ಲಂಡನ್ನಿನ ಮಿಲ್‌ವಾಲ್ ಯುವ ತಂಡದ ಸ್ಟ್ರೈಕರ್. ಶಾಲಾ ಮಟ್ಟದಲ್ಲೇ ಗೋಲಿನ ಸುರಿಮಳೆ ಸುರಿಸಿದವನು. ಲಿವರ್‌ಪೂಲ್ ಅವನನ್ನ ಕರೆದಿತ್ತು, ಕ್ಲಬ್‌ಗಳ ನಡುವೆ ಮಾತುಕತೆ ಕುದುರಲಿಲ್ಲ. ಆಮೇಲೆ ಸ್ಪೇನಿನ ಕಾಡಿಸ್, ಇಂಗ್ಲೆಂಡಿನ ಪ್ಲಿಮತ್ ಅಂತ ಅಲೆದ, ಗ್ಯಾಂಬಿಯಾ ಪರವಾಗಿಯೂ ಆಡಿದ. ಒಬ್ಬ ಹುಡುಗ ಸ್ವಂತ ದೇಶದ ಪರ ಆಡೋದು ಸಣ್ಣ ಮಾತಾ? ಆದ್ರೆ ಜನಕ್ಕೆ ಅವನು ಇವತ್ತಿಗೂ "ಗೇಮಲ್ಲಿ ಮಾತ್ರ ಮಿಂಚಿದವನು".

ಇದೇ ಜಾಗದಲ್ಲಿ ನನಗೆ ಗಂಟಲು ಕಟ್ಟುತ್ತೆ. ಯಾರೋ ಒಬ್ಬ ಅಭಿಮಾನಿ ಪ್ರೀತಿಯಿಂದಲೇ ಒಂದು ದೊಡ್ಡ ಸಂಖ್ಯೆ ಬರೆದ. ಆ ಸಂಖ್ಯೆ ಲಕ್ಷಾಂತರ ಮನೆಗೆ ಹೋಯ್ತು. ಹದಿನೈದು ಹದಿನಾರು ವರ್ಷದ ಹುಡುಗ ಏನು ಮಾಡಿದ್ರೂ ಆ ಸಂಖ್ಯೆಗಿಂತ ಕಡಿಮೆಯೇ. ಸೋತವನು ಅಂತ ಅನ್ನಿಸಿಕೊಳ್ಳೋಕೆ ಅವನು ಸೋಲಲೇಬೇಕಿರಲಿಲ್ಲ. ಇದರಲ್ಲಿ ಸಂಶೋಧಕನ ತಪ್ಪು ಎಷ್ಟು, ಆ ಸಂಖ್ಯೆಯನ್ನ ಭರವಸೆ ಅಂತ ಓದಿದ ನಮ್ಮ ತಪ್ಪು ಎಷ್ಟು? ನನ್ನ ಲೆಕ್ಕದಲ್ಲಿ ನಮ್ಮದೇ ಜಾಸ್ತಿ.

ಇನ್ನು ಟೊ ಮಡೇರಾ. 01/02ರ ಆವೃತ್ತಿಯಲ್ಲಿ ಪೋರ್ಚುಗಲ್ಲಿನ ಗೌವೆಯಾ ಅನ್ನೋ ಸಣ್ಣ ಕ್ಲಬ್ಬಿನ ಸ್ಟ್ರೈಕರ್, ಗೋಲ್ ಮೇಲೆ ಗೋಲ್. ಹುಡುಕಿ ನೋಡಿದ್ರೆ ಅಂಥ ಆಟಗಾರನೇ ಇಲ್ಲ! ಅಲ್ಲಿನ ಅಂಕ ತುಂಬೋನು ಒಬ್ಬನನ್ನ ಕಲ್ಪಿಸಿ ಪಟ್ಟಿಗೆ ಸೇರಿಸಿಬಿಟ್ಟಿದ್ದ. ಆಮೇಲಿನ ಅಪ್‌ಡೇಟಲ್ಲಿ ತೆಗೆದ್ರು. ಮೊದಲ ಗೇಮಲ್ಲಿ ಎಲ್ಲರೂ ಕಾಲ್ಪನಿಕರು, ಯಾರೂ ಬೇಜಾರಾಗಲಿಲ್ಲ. ಹತ್ತೇ ವರ್ಷದಲ್ಲಿ ಒಬ್ಬನೇ ಒಬ್ಬ ಕಾಲ್ಪನಿಕ ನುಸುಳಿದ್ದು ಹಗರಣ. ಪಟ್ಟಿಯನ್ನ ಜನ ಅಷ್ಟು ನಂಬೋಕೆ ಶುರು ಮಾಡಿದ್ರು.

ಭಾಗ 6 (ಬಿಕಾಂನವರು ಇದನ್ನ ತಪ್ಪಿಸ್ಕೋಬೇಡಿ)

ಗುಡ್‌ವಿಲ್, ಬ್ರ್ಯಾಂಡ್, ಇಂಟ್ಯಾಂಜಿಬಲ್ ಅಸೆಟ್ ಅಂತ ನೋಟ್ಸಲ್ಲಿ ಬರ್ಕೊಂಡು ಮರೆತಿದ್ದೀವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಡೋಮಾರ್ಕ್ ಮುಂದೆ ಐಡೋಸ್ ಅನ್ನೋ ಕಂಪನಿಯ ಭಾಗ ಆಯ್ತು. 2003ರಲ್ಲಿ ಐಡೋಸ್ ಮತ್ತು ಸ್ಪೋರ್ಟ್ಸ್ ಇಂಟರಾಕ್ಟಿವ್ ಬೇರೆಯಾದ್ವು. ಅಣ್ಣತಮ್ಮಂದಿರು ಮನೆ ಪಾಲು ಮಾಡ್ಕೊಂಡ ಹಾಗೆ ಆಸ್ತಿ ಹಂಚಿಕೆ ಆಯ್ತು. 'ಚಾಂಪಿಯನ್‌ಶಿಪ್ ಮ್ಯಾನೇಜರ್' ಅನ್ನೋ ಹೆಸರು ಐಡೋಸ್‌ಗೆ. ಕೋಡ್ ಮತ್ತು ಆಟಗಾರರ ಪಟ್ಟಿ, ಅಂದ್ರೆ ಅಷ್ಟೂ ವರ್ಷ ಸಂಶೋಧಕರು ತುಂಬಿದ್ದ ಡೇಟಾಬೇಸ್, ಸ್ಪೋರ್ಟ್ಸ್ ಇಂಟರಾಕ್ಟಿವ್‌ಗೆ. ಊರಿಗೆಲ್ಲ ಗೊತ್ತಿದ್ದ ಬೋರ್ಡು ಒಬ್ಬರಿಗೆ, ಅಡುಗೆಯವನು ಇನ್ನೊಬ್ಬರಿಗೆ. ನೀವಾಗಿದ್ರೆ ಯಾವುದನ್ನ ಕೇಳ್ತಿದ್ರಿ?

ಸ್ಪೋರ್ಟ್ಸ್ ಇಂಟರಾಕ್ಟಿವ್ ಸೆಗಾ ಜೊತೆ ಸೇರಿ, ಕೆವಿನ್ ಟಾಮ್ಸ್ ಕಾಲದ ಹಳೇ ಹೆಸರು 'ಫುಟ್‌ಬಾಲ್ ಮ್ಯಾನೇಜರ್' ಇಟ್ಟುಕೊಂಡು 2004ರ ನವೆಂಬರಲ್ಲಿ ಮರುಹುಟ್ಟು ಪಡೀತು. ಐಡೋಸ್ ಹೊಸ ತಂಡ ಕಟ್ಟಿ, ಎಲ್ಲ ಮೊದಲಿಂದ ಬರೆಸಿ, 2005ರ ಮಾರ್ಚಲ್ಲಿ ತನ್ನದನ್ನ ತಂತು. ತಡವಾಗಿತ್ತು, ತಪ್ಪುಗಳೂ ತುಂಬಿದ್ದವು. 2009ರ ಹೊತ್ತಿಗೆ ಐಡೋಸ್ ತನ್ನ ಹೊಸ ಆವೃತ್ತಿಯನ್ನ ಮುಂಗಡ ಕಾದಿರಿಸೋರಿಗೆ "ನಿಮಗೆ ತೋಚಿದಷ್ಟು ಕೊಡಿ" ಅಂತ ಮಾರ್ತು, ಒಂದು ಪೆನ್ನಿ ಕೊಟ್ರೂ ಸರಿ, ಜೊತೆಗೆ ಎರಡೂವರೆ ಪೌಂಡ್ ಶುಲ್ಕ. ಪಿಸಿಗೆ ಬಂದ ಕೊನೆ ಚಾಂಪಿಯನ್‌ಶಿಪ್ ಮ್ಯಾನೇಜರ್ ಅದೇ. ಬೋರ್ಡು ನೋಡಿ ಬಂದ ಗಿರಾಕಿ ರುಚಿ ನೋಡಿ ಎದುರಂಗಡಿಗೆ ಹೋದ.

ಪಟ್ಟಿಯ ಬೆಲೆ ಎಷ್ಟು ಅಂತ ನಿಜವಾದ ಕ್ಲಬ್‌ಗಳಿಗೂ ಗೊತ್ತಾಯ್ತು. 2008ರಲ್ಲಿ ಎವರ್ಟನ್ ಕ್ಲಬ್ ಆಟಗಾರರನ್ನ ಹುಡುಕೋಕೆ ಈ ಡೇಟಾಬೇಸ್ ಬಳಸೋ ಒಪ್ಪಂದ ಮಾಡಿಕೊಂಡಿತು. 2014ರಲ್ಲಿ ಪ್ರೊಜೋನ್ ಅನ್ನೋ ವಿಶ್ಲೇಷಣಾ ಕಂಪನಿ ಕ್ಲಬ್‌ಗಳಿಗೆ ಕೊಡೋ ತನ್ನ ಸಾಫ್ಟ್‌ವೇರಿಗೆ ಇದೇ ಮಾಹಿತಿ ಸೇರಿಸಿತು. ಮುಕೊಕೊ ಬಗ್ಗೆ ಅಂದಾಜು ತಪ್ಪಿತು, ನಿಜ. ಸರಿಯಾದವು ಅದಕ್ಕಿಂತ ಎಷ್ಟೋ ಜಾಸ್ತಿ ಇದ್ದವು ಅಂತಲೇ ಇವರೆಲ್ಲ ಬಂದದ್ದು.

ಭಾಗ 7

ಇದು ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ನಿಮಗೆಲ್ಲ ಅನುಭವ ಇದೆ. 2009ರಲ್ಲಿ ಫಿಫಾಗೆ ಅಲ್ಟಿಮೇಟ್ ಟೀಮ್ ಬಂತು. 75 ಮುಟ್ಟಿದ್ರೆ ಚಿನ್ನದ ಕಾರ್ಡ್, 65ರಿಂದ 74 ಬೆಳ್ಳಿ, ಅದಕ್ಕಿಂತ ಕೆಳಗೆ ಕಂಚು. ಅಲ್ಲಿಂದ ಅಂಕ ಬರೀ ಅಭಿಪ್ರಾಯವಾಗಿ ಉಳಿಯಲಿಲ್ಲ, ಬೆಲೆ ಆಯ್ತು. ದುಡ್ಡು ಕೊಟ್ಟು ಪ್ಯಾಕ್ ಒಡೆಯೋದು, ಒಳಗೆ ಯಾರು ಬರ್ತಾರೆ ಗೊತ್ತಿಲ್ಲ. ಬೆಲ್ಜಿಯಂ 2018ರಲ್ಲಿ ಇದು ಜೂಜು ಅಂದಿತು, 2019ರ ಜನವರಿ ಕೊನೆಗೆ ಇಎ ಅಲ್ಲಿ ಪಾಯಿಂಟ್ಸ್ ಮಾರೋದು ನಿಲ್ಲಿಸ್ತು. ಮೆಸ್‌ಗೆ ಕಟ್ಟಬೇಕಿದ್ದ ದುಡ್ಡು ಪ್ಯಾಕಿಗೆ ಹೋದವರು ನಮ್ಮಲ್ಲೂ ಇದ್ದಾರೆ, ಹೆಸರು ಹೇಳಲ್ಲ.

ಭಾಗ 8

ಕೊನೆಗೆ ನಮ್ಮ ಊರು. 2021ರ ಅಕ್ಟೋಬರಲ್ಲಿ ಬಂದ ಫಿಫಾ 22ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿತು. 11 ಕ್ಲಬ್, ಅದರಲ್ಲಿ ಬೆಂಗಳೂರು ಎಫ್‌ಸಿ ಒಂದು. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ ಹೆಸರು ಹೊತ್ತ ತಂಡ ಇದೇ ಗೇಮ್ ಮೂಲಕ ಫಿಫಾ ಪಟ್ಟಿಗೆ ಬಂತು. ಅದೇ ವರ್ಷ ಐ-ಲೀಗ್ ಗೆದ್ದಿದ್ದ ಗೋಕುಲಂ ಕೇರಳ ಮಾತ್ರ ಹೊರಗೆ. ಒಪ್ಪಂದ ಆಗಿದ್ದು ಸೂಪರ್ ಲೀಗ್ ಜೊತೆ, ಚಾಂಪಿಯನ್ ಆಗಿದ್ದು ಬೇರೆ ಲೀಗಲ್ಲಿ. ಮೂರನೇ ಭಾಗದ ಹಳೇ ಕಥೆಯೇ.

ಅದೇ ಅಕ್ಟೋಬರಲ್ಲಿ ಸ್ಯಾಫ್ ಫೈನಲ್ಲಿನಲ್ಲಿ ನೇಪಾಳದ ವಿರುದ್ಧ ಗೋಲ್ ಹೊಡೆದು ಸುನಿಲ್ ಛೆಟ್ರಿ ದೇಶದ ಪರ 80 ಗೋಲ್ ಮುಟ್ಟಿದ, ಆ ಹೊತ್ತಿಗೆ ಮೆಸ್ಸಿಯ ಲೆಕ್ಕವೂ 80. ಗೇಮಲ್ಲಿ ಮೆಸ್ಸಿ 93ರ ಚಿನ್ನ, ಛೆಟ್ರಿ ಬೆಳ್ಳಿ. ಅನ್ಯಾಯ ಅಂತ ಕೂಗಬೇಡಿ. ಎದುರಾಳಿ ಯಾರು ಅನ್ನೋದು ಲೆಕ್ಕಕ್ಕೆ ಬರಲೇಬೇಕು, ಮೆಸ್ಸಿಗೆ ಅಷ್ಟು ಅಂತರ ಇರಬೇಕಾದದ್ದೇ. ನನ್ನ ತಕರಾರು ಬೇರೆ. ನಮ್ಮ ಲೀಗಿನ ಹುಡುಗರ ಕಾರ್ಡ್ ಪಕ್ಕಪಕ್ಕ ಇಟ್ಟು ನೋಡಿ. ಬಹುತೇಕ ಕಂಚು, ಒಬ್ಬರದ್ದು ಇನ್ನೊಬ್ಬರ ನಕಲಿನ ಹಾಗೆ. ಇವನು ಕ್ರಾಸ್ ಚೆನ್ನಾಗಿ ಹಾಕ್ತಾನೆ, ಇವನಿಗೆ ಎಪ್ಪತ್ತನೇ ನಿಮಿಷಕ್ಕೆ ಉಸಿರು ಕಟ್ಟುತ್ತೆ ಅನ್ನೋ ವ್ಯತ್ಯಾಸವೇ ಕಾಣಲ್ಲ. ಕಡಿಮೆ ಅಂಕ ಕೊಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ, ನೋಡದೆ ಕೊಟ್ಟ ಹಾಗಿದೆ ಅನ್ನೋದಕ್ಕೆ.

ಡರ್ಬಿಯ ಯುವ ತಂಡವನ್ನ ನೋಡೋಕೆ ಒಬ್ಬ ಇದ್ದ, ಜಾಸ್ತಿಯೇ ಪ್ರೀತಿಯಿಂದ ನೋಡಿದ. ನಮ್ಮ ಸೂಪರ್ ಡಿವಿಜನ್ ಮ್ಯಾಚುಗಳಲ್ಲಿ ಗ್ಯಾಲರಿ ಖಾಲಿ. ಫುಟ್‌ಬಾಲ್ ಮ್ಯಾನೇಜರ್‌ನವರು ಸಂಶೋಧಕರು ಬೇಕು ಅಂತ ಆಗಾಗ ಕರೆ ಕೊಡ್ತಾನೇ ಇರ್ತಾರೆ, ಕೋಚಿಂಗ್ ಸರ್ಟಿಫಿಕೇಟ್ ಕೇಳಲ್ಲ, ಕ್ಲಬ್ಬನ್ನ ಬಿಡದೆ ನೋಡೋರಾ ಅಂತ ಕೇಳ್ತಾರೆ. ಕಂಠೀರವದ ವೆಸ್ಟ್ ಬ್ಲಾಕಲ್ಲಿ ಪ್ರತಿ ಮ್ಯಾಚಿಗೂ ನಿಲ್ಲೋ ಕನಿಷ್ಠ ಮೂರು ಜನ ಈ ಪೋಸ್ಟ್ ಓದ್ತಿದ್ದೀರಿ, ನನಗೆ ಗೊತ್ತು. ನಮ್ಮ ಲೆಫ್ಟ್ ಬ್ಯಾಕ್ ಕ್ರಾಸಿಂಗಿಗೆ 20ಕ್ಕೆ ಎಷ್ಟು? ಕಾಮೆಂಟಲ್ಲಿ ಬರೀರಿ, ಯಾವ ಮ್ಯಾಚ್ ನೋಡಿ ಕೊಟ್ರಿ ಅನ್ನೋದನ್ನೂ ಬರೀರಿ.